ಎಸ್‌ಎಸ್‌ಎಚ್ ಸರ್ವರ್: ನಂಬಿರುವುದು ಒಂದು, ನಿಜ ಇನ್ನೊಂದು

ಮೈಸೂರಿನ ಚಾಮರಾಜಪುರಂನಲ್ಲಿ, ಬಲ್ಲಾಳ್ ಸರ್ಕಲ್‌ನಿಂದ ನಂಜುಮಳಿಗೆಯ ಕಡೆಗೆ ನಡೆದರೆ, ಮನೆಯ ಮುಂಭಾಗವನ್ನೇ ಆಫೀಸು ಮಾಡಿಕೊಂಡವರು ಅಲ್ಲಲ್ಲಿ ಸಿಗುತ್ತಾರೆ. ಆಡಿಟರು, ಡಾಕ್ಟರು, ಟ್ಯೂಷನ್ ನಡೆಸುವವರು, ಸಾಫ್ಟ್‌ವೇರ್ ಬರೆಯುವ ನಾಲ್ಕೈದು ಹುಡುಗರ ತಂಡ. ಇಂಥ ಆಫೀಸುಗಳಿಗೆ ಈಗ ಒಂದು ಲಿನಕ್ಸ್ ಸರ್ವರ್ ಇರುವುದು ಹೊಸತೇನಲ್ಲ. ಅದು ಮೂಲೆಯ ಮೇಜಿನ ಕೆಳಗಿರಬಹುದು, ತಿಂಗಳ ಬಾಡಿಗೆಯ ಕ್ಲೌಡ್‌ನಲ್ಲಿರಬಹುದು. ಮನೆಯಿಂದಲೋ ಬೆಂಗಳೂರಿನಿಂದಲೋ ಅದರೊಳಗೆ ಹೋಗುವ ದಾರಿ ಮಾತ್ರ ಒಂದೇ, ಎಸ್‌ಎಸ್‌ಎಚ್.

1995ರಲ್ಲಿ ಫಿನ್‌ಲೆಂಡಿನ ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದ ಜಾಲದಲ್ಲಿ ಯಾರೋ ಪಾಸ್‌ವರ್ಡ್‌ಗಳನ್ನು ಕದ್ದು ಓದಿದ್ದರಿಂದ ಇದು ಹುಟ್ಟಿತು. ಅಲ್ಲಿನ ಸಂಶೋಧಕ ತಾತು ಯ್ಲೋನೆನ್ ಬರೆದ ಪ್ರೋಗ್ರಾಂ ಇದು. ಅದಕ್ಕೂ ಮುಂಚೆ ಬಳಸುತ್ತಿದ್ದ ಟೆಲ್‌ನೆಟ್‌ನಲ್ಲಿ ಪಾಸ್‌ವರ್ಡ್ ತಂತಿಯ ಮೇಲೆ ಬರಿ ಅಕ್ಷರಗಳಾಗಿಯೇ ಹೋಗುತ್ತಿತ್ತು. ಇಂದು ನಾವೆಲ್ಲ ಬಳಸುವ ಓಪನ್‌ಎಸ್‌ಎಸ್‌ಎಚ್ 1999ರಲ್ಲಿ ಓಪನ್‌ಬಿಎಸ್‌ಡಿ ತಂಡದಿಂದ ಬಂತು. ಉಪಕರಣ ಗಟ್ಟಿಯಾಗಿದೆ. ಅದನ್ನು ಹೊಂದಿಸುವವರ ತಲೆಯಲ್ಲಿರುವ ನಂಬಿಕೆಗಳೇ ಸಡಿಲ. ಚಿಕ್ಕ ಆಫೀಸುಗಳಲ್ಲಿ ನಾನು ಮತ್ತೆ ಮತ್ತೆ ಕೇಳುವ ಮಾತುಗಳನ್ನು ಒಂದೊಂದಾಗಿ ನೋಡೋಣ.

“ನಮ್ಮಂಥ ಸಣ್ಣವರ ಸರ್ವರ್ ಯಾರಿಗೆ ಬೇಕು?”

ಮಿಕ್ಕೆಲ್ಲ ತಪ್ಪುಗಳಿಗೆ ಇದೇ ತಾಯಿಬೇರು. ಎಲ್ಲೋ ಕೂತ ಒಬ್ಬ ಮನುಷ್ಯ ನಮ್ಮನ್ನು ಆರಿಸಿ, ನಮ್ಮ ಹೆಸರು ನೋಡಿ ದಾಳಿಗೆ ಬರುತ್ತಾನೆ ಎಂಬ ಚಿತ್ರ ನಮ್ಮ ಮನಸ್ಸಿನಲ್ಲಿದೆ. ಬರುವುದು ಮನುಷ್ಯನಲ್ಲ, ಪ್ರೋಗ್ರಾಂ. ಅದು ಯಾರನ್ನೂ ಆರಿಸುವುದಿಲ್ಲ. ಐಪಿವಿ4 ವಿಳಾಸಗಳು ಒಟ್ಟು ಸುಮಾರು 430 ಕೋಟಿ. 2013ರಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಸಂಶೋಧಕರು ಜೀಮ್ಯಾಪ್ ಎಂಬ ಉಪಕರಣ ಮಾಡಿ, ಒಂದೇ ಕಂಪ್ಯೂಟರಿನಿಂದ 45 ನಿಮಿಷದೊಳಗೆ ಆ ಇಡೀ ಜಾಲವನ್ನು ತಟ್ಟಿ ನೋಡಬಹುದು ಎಂದು ತೋರಿಸಿದರು. ಅಂದಮೇಲೆ ನಿಮ್ಮ ಸರ್ವರ್ ದಾಳಿ ಮಾಡುವವರಿಗೆ ಸಿಗುವುದೇ ಎಂದು ಕೇಳುವ ಅಗತ್ಯವೇ ಇಲ್ಲ. ಹೊಸ ಕ್ಲೌಡ್ ಸರ್ವರ್ ಶುರುಮಾಡಿ, ಒಂದು ರಾತ್ರಿ ಬಿಟ್ಟು ಲಾಗಿನ್ ಲಾಗ್ ತೆರೆಯಿರಿ. ರೂಟ್, ಅಡ್ಮಿನ್, ಟೆಸ್ಟ್, ಉಬುಂಟು, ಒರಾಕಲ್ ಎಂಬ ಹೆಸರುಗಳಲ್ಲಿ ಸೋತ ಪ್ರಯತ್ನಗಳು ಸಾಲುಸಾಲಾಗಿ ಇರುತ್ತವೆ.

ಅವರಿಗೆ ನಿಮ್ಮ ಲೆಕ್ಕಪತ್ರ ಬೇಕಿಲ್ಲದಿರಬಹುದು. ಬೇಕಾಗಿರುವುದು ನಿಮ್ಮ ಯಂತ್ರ: ಕ್ರಿಪ್ಟೋ ನಾಣ್ಯ ಗಣಿಗಾರಿಕೆಗೆ, ಸ್ಪ್ಯಾಮ್ ಕಳಿಸುವುದಕ್ಕೆ, ಇನ್ನೊಬ್ಬರ ಮೇಲೆ ದಾಳಿ ಮಾಡುವುದಕ್ಕೆ. ಆ ಇನ್ನೊಬ್ಬರು ದೂರು ಕೊಟ್ಟಾಗ ತನಿಖೆಯವರ ಕೈಗೆ ಮೊದಲು ಸಿಗುವುದು ನಿಮ್ಮ ಐಪಿ ವಿಳಾಸ.

ಇದರ ಜೊತೆಗೇ ಕೇಳಿಬರುವ ಇನ್ನೊಂದು ಸಮಾಧಾನ, “ನಾವು ರೌಟರ್ ಹಿಂದೆ ಇದ್ದೇವೆ, ಹೊರಗಿನವರಿಗೆ ಕಾಣುವುದಿಲ್ಲ” ಎನ್ನುವುದು. ಐಪಿವಿ4ರ ಮಟ್ಟಿಗೆ ಅದರಲ್ಲಿ ಸ್ವಲ್ಪ ಸತ್ಯ ಇದೆ. ಆದರೆ ನಮ್ಮ ದೇಶದ ದೊಡ್ಡ ಇಂಟರ್ನೆಟ್ ಕಂಪನಿಗಳು ಈಗ ಐಪಿವಿ6 ಕೊಡುತ್ತವೆ. ಅದರಲ್ಲಿ ಆಫೀಸಿನ ಪ್ರತಿ ಯಂತ್ರಕ್ಕೂ ಜಗತ್ತಿಗೆ ಕಾಣುವ ವಿಳಾಸ ಸಿಗಬಹುದು. ಫೈರ್‌ವಾಲ್ ನಿಯಮವನ್ನು ಐಪಿವಿ4ಗೆ ಮಾತ್ರ ಬರೆದು ಮರೆತರೆ, ಇನ್ನೊಂದು ದಾರಿ ಪೂರ್ತಿ ತೆರೆದೇ ಇರುತ್ತದೆ.

“ಪೋರ್ಟ್ 22 ಬದಲಿಸಿದರೆ ಮುಗಿಯಿತು”

ಎಫ್‌ಟಿಪಿಗೆ 21, ಟೆಲ್‌ನೆಟ್‌ಗೆ 23 ಇದ್ದುದರಿಂದ ನಡುವೆ ಖಾಲಿಯಿದ್ದ 22ನ್ನು ಯ್ಲೋನೆನ್ 1995ರಲ್ಲಿ ಕೇಳಿ ಪಡೆದರು. ಅದನ್ನು 2222 ಮಾಡಿದ ಕೂಡಲೇ ಲಾಗ್‌ನಲ್ಲಿ ಗದ್ದಲ ಕಡಿಮೆಯಾಗುವುದು ನಿಜ. ಆ ಮೌನವನ್ನೇ ಜನ ಭದ್ರತೆ ಎಂದುಕೊಳ್ಳುತ್ತಾರೆ. ಇದು ಮುಂಬಾಗಿಲನ್ನು ಹಿತ್ತಲಿಗೆ ಸಾಗಿಸಿ ಅದೇ ಹಳೆ ಚಿಲಕ ಹಾಕಿದ ಹಾಗೆ. ಎಲ್ಲ ಪೋರ್ಟ್‌ಗಳನ್ನೂ ತಡಕುವ ಪ್ರೋಗ್ರಾಂಗೆ ಅದನ್ನು ಹುಡುಕುವುದು ಕಷ್ಟವಲ್ಲ, ಯಾಕೆಂದರೆ ಸಂಪರ್ಕ ಸಿಕ್ಕ ಕ್ಷಣವೇ ಎಸ್‌ಎಸ್‌ಎಚ್ ಸರ್ವರ್ ತನ್ನ ಹೆಸರನ್ನೂ ಆವೃತ್ತಿಯನ್ನೂ ತಾನೇ ಹೇಳುತ್ತದೆ.

ಇನ್ನೊಂದು ಮಾತು. ಲಿನಕ್ಸ್‌ನಲ್ಲಿ 1024ಕ್ಕಿಂತ ಕೆಳಗಿನ ಪೋರ್ಟ್ ಹಿಡಿಯಲು ಸಾಮಾನ್ಯವಾಗಿ ರೂಟ್, ಅಂದರೆ ಯಂತ್ರದ ಮೇಲಿನ ಪೂರ್ಣ ಅಧಿಕಾರ ಬೇಕು. 2222ಕ್ಕೆ ಬೇಡ. ಅಸಲಿ ಸೇವೆ ಯಾವುದೋ ಕಾರಣಕ್ಕೆ ನಿಂತರೆ, ಅದೇ ಯಂತ್ರದ ಯಾವುದೇ ಸಾಮಾನ್ಯ ಬಳಕೆದಾರ ಅಲ್ಲೊಂದು ನಕಲಿ ಪ್ರೋಗ್ರಾಂ ಕೂರಿಸಬಹುದು. ಬದಲಿಸಲೇಬೇಕಿದ್ದರೆ 1024ರ ಒಳಗೇ ಇರಲಿ. ಬದಲಿಸದಿದ್ದರೂ ನಷ್ಟವಿಲ್ಲ.

“ಪಾಸ್‌ವರ್ಡ್ ಕಠಿಣವಾಗಿದೆ, ಫೇಲ್‌ಟುಬ್ಯಾನ್ ಕೂಡ ಹಾಕಿದ್ದೇವೆ”

ಊಹಿಸುವವರನ್ನು ತಡೆಯಲು ಇವೆರಡೂ ಸ್ವಲ್ಪ ನೆರವಾಗುತ್ತವೆ. ಆದರೆ ದಾಳಿ ಮಾಡುವವರು ಸಾವಿರಾರು ಬೇರೆ ಬೇರೆ ಯಂತ್ರಗಳಿಂದ, ಒಂದೊಂದರಿಂದ ಒಂದೆರಡೇ ಸಲ ಪ್ರಯತ್ನಿಸಿದರೆ, ಐಪಿ ನೋಡಿ ತಡೆಯುವ ಫೇಲ್‌ಟುಬ್ಯಾನ್‌ಗೆ ಹಿಡಿಯಲು ಏನೂ ಸಿಗುವುದಿಲ್ಲ.

ಪಾಸ್‌ವರ್ಡ್‌ನ ದೊಡ್ಡ ದೌರ್ಬಲ್ಯ ಇರುವುದು ಊಹೆಯಲ್ಲಿ ಅಲ್ಲ. ನೀವು ಟೈಪ್ ಮಾಡಿದ ಪಾಸ್‌ವರ್ಡ್ ದಾರಿಯುದ್ದಕ್ಕೂ ಗೂಢಲಿಪಿಯಲ್ಲಿ ಹೋದರೂ ಆ ತುದಿಯ ಸರ್ವರ್‌ಗೆ ಪೂರ್ತಿಯಾಗಿ ತಲುಪುತ್ತದೆ. ಆ ಸರ್ವರ್ ಆಗಲೇ ಕೆಟ್ಟವರ ಕೈಯಲ್ಲಿದ್ದರೆ? ಎಬ್ಯುರಿ ಎಂಬ ದುಷ್ಟ ತಂತ್ರಾಂಶ ಮಾಡುವುದು ಇದನ್ನೇ. ಅದು ಸರ್ವರ್‌ನ ಓಪನ್‌ಎಸ್‌ಎಸ್‌ಎಚ್ ಒಳಗೇ ಸೇರಿಕೊಂಡು, ಲಾಗಿನ್ ಆಗುವವರ ಪಾಸ್‌ವರ್ಡ್ ಕದ್ದು, ಅದರಿಂದ ಮುಂದಿನ ಸರ್ವರ್‌ಗೆ ಹೋಗುತ್ತದೆ. ಈಸೆಟ್ ಸಂಸ್ಥೆಯ ತಜ್ಞರು 2024ರಲ್ಲಿ ಕೊಟ್ಟ ಲೆಕ್ಕದಂತೆ, 2009ರಿಂದ ಈಚೆಗೆ ಸುಮಾರು 4 ಲಕ್ಷ ಸರ್ವರ್‌ಗಳು ಹೀಗೆ ಸಿಕ್ಕಿಬಿದ್ದಿವೆ. ಹದಿನಾರಕ್ಷರದ ಕಠಿಣ ಪಾಸ್‌ವರ್ಡ್ ಅಲ್ಲಿ ಒಂದು ಕ್ಷಣವೂ ತಡೆಯುವುದಿಲ್ಲ.

ಕೀ ಬಳಸಿದರೆ ಕಥೆ ಬೇರೆ. ಕೀ ಎಂದರೆ ಒಂದು ಜೋಡಿ. ಪಬ್ಲಿಕ್ ಕೀ ಸರ್ವರ್‌ನಲ್ಲಿ ಕೂರುತ್ತದೆ. ಅದು ಗುಟ್ಟೇ ಅಲ್ಲ, ಯಾರು ನೋಡಿದರೂ ಅಡ್ಡಿಯಿಲ್ಲ. ಪ್ರೈವೇಟ್ ಕೀ ನಿಮ್ಮ ಲ್ಯಾಪ್‌ಟಾಪ್ ಬಿಟ್ಟು ಹೋಗುವುದೇ ಇಲ್ಲ. ಲಾಗಿನ್ ಸಮಯದಲ್ಲಿ ಅದು ಆ ಒಂದು ಸಂಪರ್ಕಕ್ಕೆ ಮಾತ್ರ ಸಲ್ಲುವ ಸಹಿ ಮಾಡುತ್ತದೆ. ಕಳ್ಳ ಸರ್ವರ್‌ಗೆ ಸಿಗುವುದು ಆ ಸಹಿ ಅಷ್ಟೆ. ಅದನ್ನು ಬೇರೆಡೆ ಬಳಸಲು ಬರುವುದಿಲ್ಲ. ಹೊಸದಾಗಿ ಮಾಡುವವರು ಇಡಿ25519 ಬಗೆಯ ಕೀ ಮಾಡಿಕೊಳ್ಳಿ. 2023ರ 9.5 ಆವೃತ್ತಿಯಿಂದ ಓಪನ್‌ಎಸ್‌ಎಸ್‌ಎಚ್ ತಾನಾಗಿಯೇ ಮಾಡಿಕೊಡುವುದೂ ಅದನ್ನೇ. ಲ್ಯಾಪ್‌ಟಾಪ್ ಕಳೆದುಹೋದರೂ ಕೀ ಕೆಲಸಕ್ಕೆ ಬಾರದಂತೆ ಅದಕ್ಕೊಂದು ಪಾಸ್‌ಫ್ರೇಸ್ ಇರಲೇಬೇಕು. ಕೀ ಫೈಲನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವವರನ್ನು ಕಂಡರೆ ನನಗೆ ನಿಜಕ್ಕೂ ಹೊಟ್ಟೆ ಉರಿಯುತ್ತದೆ. ಒಬ್ಬೊಬ್ಬರೂ ತಮ್ಮ ಯಂತ್ರದಲ್ಲಿ ತಮ್ಮದೇ ಕೀ ಮಾಡಿ, ಪಬ್ಲಿಕ್ ಭಾಗವನ್ನಷ್ಟೇ ಕಳಿಸಬೇಕು.

“ಪಾಸ್‌ವರ್ಡ್ ಲಾಗಿನ್ ಆಫ್ ಮಾಡಿಯಾಗಿದೆ”

ಇದನ್ನು ಹೇಳುವವರು ಸುಳ್ಳು ಹೇಳುತ್ತಿಲ್ಲ. ಸಂರಚನಾ ಫೈಲ್ ತೆರೆದು, ಪಾಸ್‌ವರ್ಡ್‌ಆಥೆಂಟಿಕೇಷನ್ ಎದುರು ‘ನೋ’ ಎಂದು ಬರೆದಿರುತ್ತಾರೆ. ಆದರೂ ಸರ್ವರ್ ಪಾಸ್‌ವರ್ಡ್ ಕೇಳುತ್ತಲೇ ಇರುತ್ತದೆ. ಈ ಗುಂಡಿಗೆ ಬೀಳದವರು ಕಡಿಮೆ.

ಎಸ್‌ಎಸ್‌ಎಚ್ ಸರ್ವರ್ ಒಂದು ಆಯ್ಕೆಗೆ ಎರಡು ಬೆಲೆ ಕಂಡರೆ ಮೊದಲು ಸಿಕ್ಕಿದ್ದನ್ನು ಹಿಡಿಯುತ್ತದೆ, ಕೊನೆಯದನ್ನಲ್ಲ. ಉಬುಂಟುವಿನಲ್ಲಿ ಮುಖ್ಯ ಫೈಲಿನ ತಲೆಯಲ್ಲೇ ಇನ್‌ಕ್ಲೂಡ್ ಸಾಲು ಇದೆ. ಪಕ್ಕದ ಫೋಲ್ಡರಿನ ಚಿಕ್ಕ ಫೈಲುಗಳನ್ನು ಅದು ಮೊದಲು ಓದಿಸುತ್ತದೆ. ಕ್ಲೌಡ್ ಸರ್ವರ್ ಶುರುವಾಗುವಾಗ ಕ್ಲೌಡ್-ಇನಿಟ್ ಎಂಬ ಪ್ರೋಗ್ರಾಂ ಅಲ್ಲಿ 50ರಿಂದ ಆರಂಭವಾಗುವ ಫೈಲ್ ಇಟ್ಟು, ಪಾಸ್‌ವರ್ಡ್‌ಗೆ ‘ಯೆಸ್’ ಎಂದು ಬರೆದಿರಬಹುದು. ಆಗ ಮುಖ್ಯ ಫೈಲಿನ ಕೊನೆಯಲ್ಲಿ ನೀವು ಬರೆದ ‘ನೋ’ಗೆ ಬೆಲೆಯೇ ಇಲ್ಲ. ನಿಮ್ಮ ಬದಲಾವಣೆಗಳನ್ನು ಅದೇ ಫೋಲ್ಡರಿನಲ್ಲಿ, ಅದಕ್ಕಿಂತ ಮುಂಚೆ ಬರುವ ಹೆಸರಿನ, ಉದಾಹರಣೆಗೆ 01ರಿಂದ ಶುರುವಾಗುವ ಫೈಲಿನಲ್ಲಿ ಬರೆಯಿರಿ. ಕೀಬೋರ್ಡ್-ಇಂಟರ್‌ಆ್ಯಕ್ಟಿವ್ ಎಂಬ ಇನ್ನೊಂದು ಆಯ್ಕೆಯನ್ನೂ ಮುಚ್ಚಿ. ಪಾಸ್‌ವರ್ಡ್ ಆ ಸುತ್ತುದಾರಿಯಲ್ಲೂ ಬರುತ್ತದೆ.

ಬರೆದ ಮೇಲೆ ಊಹೆ ಬೇಡ. ಎಸ್‌ಎಸ್‌ಎಚ್‌ಡಿ ಆಜ್ಞೆಗೆ ಚಿಕ್ಕಕ್ಷರದ ಟಿ ಕೊಟ್ಟರೆ ಫೈಲಿನಲ್ಲಿ ತಪ್ಪಿದೆಯೇ ಎಂದು ಹೇಳುತ್ತದೆ. ದೊಡ್ಡಕ್ಷರದ ಟಿ ಕೊಟ್ಟರೆ ಎಲ್ಲ ಫೈಲುಗಳನ್ನು ಕೂಡಿಸಿ ಕೊನೆಗೆ ಜಾರಿಯಾಗುವ ಬೆಲೆಗಳನ್ನು ತೋರಿಸುತ್ತದೆ. ಆಮೇಲೆ ಸೇವೆಯನ್ನು ರೀಲೋಡ್ ಮಾಡಿ. ಹಳೆಯ ಕಿಟಕಿಯನ್ನು ಮುಚ್ಚದೆ, ಇನ್ನೊಂದು ಕಿಟಕಿಯಿಂದ ಕೀ ಬಳಸಿ ಒಳಬಂದು ನೋಡಿ. ಕಡೆಗೆ ಕೀ ಇಲ್ಲದ ಬೇರೊಂದು ಲ್ಯಾಪ್‌ಟಾಪ್‌ನಿಂದ ಪ್ರಯತ್ನಿಸಿ. ಅದು ಪಾಸ್‌ವರ್ಡ್ ಕೇಳದೆ ನಿರಾಕರಿಸಿದಾಗಲೇ ಕೆಲಸ ಆಗಿದೆ ಎನ್ನಬೇಕು.

“ಆ ಎಚ್ಚರಿಕೆ ಯಾವಾಗಲೂ ಬರುತ್ತದೆ, ಯೆಸ್ ಒತ್ತಿ”

ಮೊದಲ ಸಲ ಸಂಪರ್ಕಿಸುವಾಗ ಸರ್ವರ್‌ನ ಗುರುತಿನ ಬೆರಳಚ್ಚನ್ನು ತೋರಿಸಿ ‘ಇದೇನಾ?’ ಎಂದು ಕೇಳುವುದು ಸುಮ್ಮನೆ ಅಲ್ಲ. ನಡುವೆ ಕೂತ ನಕಲಿ ಸರ್ವರ್ ಅನ್ನು ಹಿಡಿಯಲು ಆಗ ನಿಮಗಿರುವ ಅವಕಾಶ ಅದೊಂದೇ. ಕ್ಲೌಡ್ ಕಂಪನಿಯ ಕನ್ಸೋಲ್‌ನಲ್ಲಿ ಅದೇ ಬೆರಳಚ್ಚು ಸಾಮಾನ್ಯವಾಗಿ ಸಿಗುತ್ತದೆ, ಹೋಲಿಸಿ ನೋಡಿ. ಮುಂದೆ ಎಂದಾದರೂ ‘ಗುರುತು ಬದಲಾಗಿದೆ’ ಎಂಬ ದೊಡ್ಡ ಎಚ್ಚರಿಕೆ ಬಂದರೆ, ಸರ್ವರ್ ಅನ್ನು ಮರುಸ್ಥಾಪಿಸಿದ್ದು ನೀವೇ ಎಂದು ಖಚಿತವಾಗುವವರೆಗೆ ಹಳೆಯ ದಾಖಲೆ ಅಳಿಸಬೇಡಿ.

“ಸರ್ವರ್ ಹಾಕಿಕೊಟ್ಟ ಹುಡುಗ ನಂಬಿಕಸ್ಥ”

ಇರಬಹುದು. ಮೈಸೂರಿನಲ್ಲಿ ಇಂಜಿನಿಯರಿಂಗ್ ಮುಗಿಸಿದ ಹುಡುಗರು ಇಂಥ ಆಫೀಸುಗಳಿಗೆ ಸರ್ವರ್ ಹೊಂದಿಸಿಕೊಟ್ಟು, ಕೆಲಸ ಸಿಕ್ಕ ಮೇಲೆ ಬೆಂಗಳೂರಿಗೆ ಹೋಗುತ್ತಾರೆ. ಅವರ ಪಬ್ಲಿಕ್ ಕೀ ಇಲ್ಲೇ ಉಳಿಯುತ್ತದೆ. ಅವರು ಒಳ್ಳೆಯವರೇ, ಆದರೆ ಅವರ ಹಳೆಯ ಲ್ಯಾಪ್‌ಟಾಪ್ ಇಂದು ಯಾರ ಕೈಯಲ್ಲಿದೆ? ಇದು ಅವರ ಮೇಲಿನ ಅನುಮಾನವಲ್ಲ, ಅವರನ್ನೂ ಕಾಪಾಡುವ ಕ್ರಮ. ಒಬ್ಬೊಬ್ಬರಿಗೂ ಬೇರೆ ಖಾತೆ, ಬೇರೆ ಕೀ ಇರಲಿ. ಬಿಟ್ಟು ಹೋದ ದಿನವೇ ತೆಗೆಯಿರಿ. ಎಲ್ಲರೂ ರೂಟ್ ಆಗಿಯೇ ಒಳಬಂದರೆ ಯಾರು ಏನು ಮಾಡಿದರೆಂದು ಲಾಗ್ ಹೇಳಲಾರದು. 2015ರ 7.0 ಆವೃತ್ತಿಯಿಂದ ಓಪನ್‌ಎಸ್‌ಎಸ್‌ಎಚ್ ರೂಟ್‌ನ ಪಾಸ್‌ವರ್ಡ್ ಲಾಗಿನ್ ಅನ್ನು ತಾನೇ ನಿಲ್ಲಿಸಿದೆ. ನೀವು ಇನ್ನೊಂದು ಹೆಜ್ಜೆ ಮುಂದೆ ಹೋಗಿ ರೂಟ್ ಲಾಗಿನ್ ಅನ್ನೇ ಪೂರ್ತಿ ‘ನೋ’ ಮಾಡಿ, ಸೂಡೋ ಬಳಸಿ; ಯಾರಿಗೆ ಪ್ರವೇಶ ಎಂಬುದನ್ನು ಅಲೌಯೂಸರ್ಸ್ ಸಾಲಿನಲ್ಲಿ ಹೆಸರಿಸಿ.

“ಓಡುತ್ತಿರುವುದನ್ನು ಮುಟ್ಟಬೇಡಿ”

2006ರಲ್ಲಿ ಸರಿಪಡಿಸಿದ್ದ ಒಂದು ದೋಷ, ನಂತರದ ಬದಲಾವಣೆಯೊಂದರಲ್ಲಿ ಓಪನ್‌ಎಸ್‌ಎಸ್‌ಎಚ್‌ಗೆ ಮರಳಿ ಸೇರಿಕೊಂಡಿತು. 2024ರ ಜುಲೈ 1ರಂದು ಕ್ವಾಲಿಸ್ ಸಂಸ್ಥೆ ಅದನ್ನು ಬಯಲಿಗಿಟ್ಟಿತು. ಅದರ ಹೆಸರು ರೆಗ್ರೆಎಸ್‌ಎಸ್‌ಎಚ್‌ಯಾನ್. 8.5ರಿಂದ 9.7ರವರೆಗಿನ ಆವೃತ್ತಿಗಳಲ್ಲಿ, ಲಾಗಿನ್ ಕೂಡ ಆಗದೆ ರೂಟ್ ಅಧಿಕಾರ ಪಡೆಯುವ ಸಾಧ್ಯತೆ ಇತ್ತು. ಕೀ, ಪಾಸ್‌ವರ್ಡ್ ಎರಡೂ ಅಲ್ಲಿ ಲೆಕ್ಕಕ್ಕಿಲ್ಲ. ಅಪ್‌ಡೇಟ್ ಮಾಡುವುದೇ ಸರಿಯಾದ ಮದ್ದು. ಉಬುಂಟು, ಡೆಬಿಯನ್‌ನವರು ಹಳೆಯ ಆವೃತ್ತಿಯ ಸಂಖ್ಯೆ ಉಳಿಸಿಕೊಂಡೇ ದೋಷ ಸರಿಪಡಿಸುತ್ತಾರೆ, ಹಾಗಾಗಿ ಸಂಖ್ಯೆ ನೋಡಿ ಗಾಬರಿಯಾಗುವುದೂ ಬೇಡ, ನಿಶ್ಚಿಂತೆಯೂ ಬೇಡ. ಭದ್ರತಾ ಅಪ್‌ಡೇಟ್ ತಾನಾಗಿಯೇ ಬರುವಂತೆ ಇಟ್ಟಿರಿ.

ಅದೇ ವರ್ಷದ ಮಾರ್ಚ್ 29ರಂದು ಆಂಡ್ರೆಸ್ ಫ್ರಾಯಿಂಡ್ ಎಂಬ ಇಂಜಿನಿಯರ್, ಎಸ್‌ಎಸ್‌ಎಚ್ ಲಾಗಿನ್ ಅರ್ಧ ಸೆಕೆಂಡ್ ತಡವಾಗುತ್ತಿರುವುದನ್ನು ಗಮನಿಸಿ ಬೆನ್ನತ್ತಿ, ಎಕ್ಸ್‌ಜೀ ಎಂಬ ಲೈಬ್ರರಿಯೊಳಗೆ ಅಡಗಿಸಿದ್ದ ಕಳ್ಳದಾರಿಯನ್ನು ಹೊರಗೆಳೆದರು. ಡೆಬಿಯನ್‌ನ ಸ್ಟೇಬಲ್ ಆವೃತ್ತಿಗೆ ಅದು ಇನ್ನೂ ತಲುಪಿರಲಿಲ್ಲ. ಆಫೀಸಿನ ಸರ್ವರ್‌ಗೆ ಪ್ರಯೋಗದ ಆವೃತ್ತಿ ಹಾಕಬೇಡಿ ಎಂದು ನಾನು ಹಠ ಹಿಡಿಯುವುದು ಇದಕ್ಕೇ.

“ಲಾಗ್, ಕಾನೂನು ಎಲ್ಲ ದೊಡ್ಡ ಕಂಪನಿಗಳಿಗೆ”

ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ, ಸರ್ವರ್‌ಗೆ ಅತಿಕ್ರಮ ಪ್ರವೇಶವಾದದ್ದು ತಿಳಿದ 6 ಗಂಟೆಯೊಳಗೆ ವರದಿ ಮಾಡಬೇಕು. 180 ದಿನಗಳ ಲಾಗ್ ಇಟ್ಟಿರಬೇಕು. ಗಡಿಯಾರಗಳು ಎನ್‌ಟಿಪಿಯಿಂದ ಸರಿಹೊಂದಿರಬೇಕು. ಕಿರು, ಸಣ್ಣ ಮತ್ತು ಮಧ್ಯಮ ಉದ್ದಿಮೆಗಳಿಗೆ ವಿನಾಯಿತಿ ಕೊಡಲಿಲ್ಲ. 2022ರ ಸೆಪ್ಟೆಂಬರ್ 25ರವರೆಗೆ ಕಾಲಾವಕಾಶ ಮಾತ್ರ ಕೊಟ್ಟರು. ಉಬುಂಟು ಲಾಗಿನ್ ಲಾಗ್ ಅನ್ನು ಸಾಮಾನ್ಯವಾಗಿ ವಾರಕ್ಕೊಮ್ಮೆ ಮಡಚಿ, ನಾಲ್ಕು ವಾರದಷ್ಟನ್ನೇ ಉಳಿಸುತ್ತದೆ. ಅಂದರೆ ಏನನ್ನೂ ಬದಲಿಸದ ಸರ್ವರ್‌ನಲ್ಲಿ ಐದು ತಿಂಗಳ ಲಾಗ್ ಕೊರತೆ ಇರುತ್ತದೆ. ಲಾಗ್‌ರೊಟೇಟ್‌ನಲ್ಲಿ ಅವಧಿ ಹೆಚ್ಚಿಸಿ, ಒಂದು ಪ್ರತಿಯನ್ನು ಬೇರೆ ಯಂತ್ರಕ್ಕೂ ಕಳಿಸಿ. ಒಳನುಗ್ಗಿದವರು ಮೊದಲು ಅಳಿಸುವುದು ಲಾಗ್ ಅನ್ನೇ.

ನಿಮ್ಮ ಆಫೀಸಿನಲ್ಲಿ ಸರ್ವರ್ ಇದ್ದರೆ, ಅದನ್ನು ನೋಡಿಕೊಳ್ಳುವವರನ್ನು ಇವತ್ತೇ ಪಕ್ಕದಲ್ಲಿ ಕೂರಿಸಿಕೊಳ್ಳಿ. ಪ್ರತಿ ಖಾತೆಯ ಆಥರೈಸ್ಡ್ ಕೀಸ್ ಫೈಲ್ ತೆರೆಸಿ, ಒಂದೊಂದು ಸಾಲೂ ಯಾರದು ಎಂದು ಕೇಳಿ. ಹೆಸರು ಹೇಳಲಾಗದ ಸಾಲನ್ನು ಅಲ್ಲೇ ಅಳಿಸಿಸಿ.