ಮುಗಿದ ಕಥೆಗೆ ಮತ್ತೊಂದು ಪರ್ವ

ಒಂದು ಕಥೆ ಮುಗಿಯುವುದು ಎಲ್ಲಿ? ಹೇಳುವವನು ನಿಲ್ಲಿಸಿದಲ್ಲಿ ಎಂದು ಮೇಲುನೋಟಕ್ಕೆ ತೋರುತ್ತದೆ. ಆದರೆ ಕೇಳುವವನ ಮನಸ್ಸಿನಲ್ಲಿ ಅದು ನಿಲ್ಲುವ ಎಡೆ ಬೇರೆಯೇ ಇರಬಹುದು. ಆದುದರಿಂದಲೇ, ಜನಪ್ರಿಯವಾದ ಕಥಾಮಾಲೆಯೊಂದಕ್ಕೆ ಬಹುಕಾಲದ ಮೇಲೆ ಮುಂದಿನ ಭಾಗ ಬಂದಾಗ ಒಂದು ವಿಚಿತ್ರ ಸನ್ನಿವೇಶ ಹುಟ್ಟುತ್ತದೆ. ಬರಲಿ ಬರಲಿ ಎಂದು ಹಂಬಲಿಸಿದವರೇ ಅದು ಬಂದಾಗ ಮುನಿಯುತ್ತಾರೆ. ಈ ಮುನಿಸಿನ ಸ್ವರೂಪವೇನು, ಅದು ಎಷ್ಟರಮಟ್ಟಿಗೆ ನ್ಯಾಯವಾದದ್ದು ಎಂಬುದನ್ನು ಈ ಹೊತ್ತು ವಿಚಾರಿಸೋಣ.

ಮೊದಲು ಮಕ್ಕಳ ಲೋಕದ ಉದಾಹರಣೆ. ಅಮೆರಿಕದ ಪಿಕ್ಸಾರ್ ಸಂಸ್ಥೆಯ ‘ಟಾಯ್ ಸ್ಟೋರಿ’ ಎಂಬ ಗೊಂಬೆಗಳ ಕಥೆ 1995ರಲ್ಲಿ ತೆರೆಕಂಡಿತು. ಎರಡನೆಯ ಭಾಗ 1999ರಲ್ಲಿ, ಮೂರನೆಯದು 2010ರಲ್ಲಿ ಬಂದವು. ಮೂರನೆಯದರ ಕೊನೆಯಲ್ಲಿ ಆ್ಯಂಡಿ ಎಂಬ ಹುಡುಗ ಕಾಲೇಜಿಗೆ ಹೊರಡುವ ಮುನ್ನ ತನ್ನ ಗೊಂಬೆಗಳನ್ನು ಪುಟ್ಟ ಹುಡುಗಿಯೊಬ್ಬಳ ಕೈಗೆ ಒಪ್ಪಿಸುತ್ತಾನೆ. ಮೊದಲ ಚಿತ್ರವನ್ನು ಮಕ್ಕಳಾಗಿ ಕಂಡಿದ್ದವರೂ ಆ ಹೊತ್ತಿಗೆ ಅವನಂತೆಯೇ ಬೆಳೆದಿದ್ದರು. ಅವರ ಪಾಲಿಗೆ ಅದು ಬಾಲ್ಯಕ್ಕೆ ಹೇಳಿದ ವಿದಾಯವೇ ಆಯಿತು. ಒಂಬತ್ತು ವರ್ಷಗಳ ತರುವಾಯ, 2019ರಲ್ಲಿ, ನಾಲ್ಕನೆಯ ಭಾಗ ಬಂದಾಗ ಅನೇಕರು ಕೇಳಿದ ಪ್ರಶ್ನೆ ಒಂದೇ: ಇಷ್ಟು ಚೆನ್ನಾಗಿ ಮುಗಿದದ್ದನ್ನು ಮತ್ತೆ ತೆರೆಯಬೇಕಿತ್ತೆ? ಚಿತ್ರಕ್ಕೆ ಆಸ್ಕರ್ ಪ್ರಶಸ್ತಿ ದೊರೆಯಿತು; ಪ್ರಶ್ನೆ ಮಾತ್ರ ಹಾಗೆಯೇ ಉಳಿಯಿತು.

ನಮ್ಮ ಕನ್ನಡದಲ್ಲಿ ಇಂಥ ಪ್ರಸಂಗ ಬಹು ಹಿಂದೆಯೇ ನಡೆದುಹೋಗಿದೆ. ದೊರೆ-ಭಗವಾನ್ ಜೋಡಿ 1968ರಲ್ಲಿ ‘ಜೇಡರ ಬಲೆ’ಯನ್ನು ತೆರೆಗೆ ತಂದರು. ಜೇಮ್ಸ್ ಬಾಂಡನ ಜಾಡಿನಲ್ಲಿ ರೂಪುಗೊಂಡ ಪತ್ತೇದಾರ ಪ್ರಕಾಶನಾಗಿ ರಾಜಕುಮಾರರು ಕಾಣಿಸಿಕೊಂಡರು. ಅದೇ ವರ್ಷ ‘ಗೋವಾದಲ್ಲಿ ಸಿ.ಐ.ಡಿ. 999’, ಮರುವರ್ಷ ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿ.ಐ.ಡಿ. 999’ ಬಂದವು. ಅಲ್ಲಿಂದ ಒಂಬತ್ತು ವರ್ಷ ಮೌನ. ನಾಲ್ಕನೆಯದಾದ ‘ಆಪರೇಷನ್ ಡೈಮಂಡ್ ರಾಕೆಟ್’ ಬಂದದ್ದು 1978ರಲ್ಲಿ.

ಈ ನಡುವಣ ಅವಧಿಯಲ್ಲಿ ಏನೇನು ಆಗಿತ್ತೆಂಬುದನ್ನು ಗಮನಿಸಬೇಕು. ಅದೇ ನಿರ್ದೇಶಕ ಜೋಡಿ ‘ಕಸ್ತೂರಿ ನಿವಾಸ’, ‘ಎರಡು ಕನಸು’, ‘ಬಯಲು ದಾರಿ’ಗಳನ್ನು ಕೊಟ್ಟಿತ್ತು. ‘ಬಂಗಾರದ ಮನುಷ್ಯ’, ‘ಮಯೂರ’ಗಳಿಂದ ರಾಜಕುಮಾರರು ಬರಿಯ ನಾಯಕನಟರಾಗಿ ಉಳಿಯದೆ ನಾಡಿನ ಮನೆಮನೆಯ ಹಿರಿಯರಾಗಿದ್ದರು. ಮೊದಲು ಅವರ ಹಾಡಿನ ದನಿ ಪಿ. ಬಿ. ಶ್ರೀನಿವಾಸರದು, 1974ರ ‘ಸಂಪತ್ತಿಗೆ ಸವಾಲ್’ನಿಂದೀಚೆಗೆ ಅವರು ತಮ್ಮ ಕಂಠದಲ್ಲೇ ಹಾಡತೊಡಗಿದ್ದರು. ಕಪ್ಪು-ಬಿಳುಪಿನ ಪತ್ತೇದಾರ ಬಣ್ಣದಲ್ಲಿ ಮರಳಿ ಬಂದಾಗ ಹೆಸರು ಅದೇ, ಸಂಖ್ಯೆ ಅದೇ. ನೋಡುವವರ ಕಣ್ಣಿನಲ್ಲಿ ಮನುಷ್ಯ ಮಾತ್ರ ಬೇರೆ.

ನಾನಾಗ ಹದಿನೆಂಟರ ಆಸುಪಾಸಿನವನು. ಮೊದಲ ಮೂರನ್ನೂ ಕಂಡಿದ್ದ ನಮ್ಮ ಅಣ್ಣಂದಿರು ಹಳೆಯ ಬಿಗಿ ಇದರಲ್ಲಿಲ್ಲವೆಂದರು. ಹೋಲಿಸುವುದಕ್ಕೆ ಹಳೆಯದೇ ಇರದಿದ್ದ ನಮ್ಮಂಥ ಕಿರಿಯರಿಗೆ ಅದೊಂದು ಹಬ್ಬ. ಒಂದೇ ಮನೆಯವರು, ಒಂದೇ ಚಿತ್ರ, ತೀರ್ಪು ಎರಡು! ಈ ಕಥೆ ಅಲ್ಲಿಗೇ ನಿಲ್ಲಲಿಲ್ಲ. ಆ ಚಿತ್ರದಲ್ಲಿ ರಾಜಕುಮಾರರು ಇಂಗ್ಲಿಷಿನಲ್ಲಿ ಒಂದು ಹಾಡು ಹಾಡಿದ್ದಾರೆ. ದಶಕಗಳು ಕಳೆದ ಮೇಲೆ, ಚಿತ್ರವನ್ನೇ ನೋಡಿರದ ಹುಡುಗರು ಆ ಹಾಡನ್ನು ಮೊಬೈಲಿನಲ್ಲಿ ಕೇಳಿ ಗುನುಗತೊಡಗಿದರು. ಪ್ರೇಕ್ಷಕನ ತೀರ್ಪು ಅಂತಿಮ ತೀರ್ಪಲ್ಲ. ಮೊಮ್ಮಕ್ಕಳ ಕಾಲದಲ್ಲಿ ಅದಕ್ಕೆ ಮೇಲ್ಮನವಿ ಸಲ್ಲುತ್ತದೆ.

ಈ ಭೇದಕ್ಕೆ ನಮ್ಮ ಪ್ರಾಚೀನ ಕಾವ್ಯಮೀಮಾಂಸೆಯಲ್ಲಿ ಸಮರ್ಪಕವಾದ ವಿವರಣೆ ಸಿಗುತ್ತದೆ. ಭರತನ ನಾಟ್ಯಶಾಸ್ತ್ರಕ್ಕೆ ವ್ಯಾಖ್ಯಾನ ಬರೆದ ಅಭಿನವಗುಪ್ತನು ರಸಾನುಭವಕ್ಕೆ ಅಡ್ಡಬರುವ ಏಳು ವಿಘ್ನಗಳನ್ನು ಎಣಿಸುತ್ತಾನೆ. ಪ್ರೇಕ್ಷಕನು ತನ್ನ ಸ್ವಂತ ಸುಖದುಃಖಗಳಿಗೆ ವಶನಾಗಿಬಿಡುವುದು ಅವುಗಳಲ್ಲೊಂದು. ಮಗಳ ಮದುವೆಯ ಚಿಂತೆಯಲ್ಲಿ ಮುಳುಗಿದವನಿಗೆ ಶಕುಂತಲೆಯ ದುಃಖ ತಟ್ಟುವುದು ಕಷ್ಟ. ಈ ವಿಘ್ನಕ್ಕೆ ಅವನು ಸೂಚಿಸುವ ಪರಿಹಾರಗಳು ವಾದ್ಯ, ಗಾನ, ರಂಗಮಂಟಪದ ಸೊಬಗು ಮೊದಲಾದವು. ಇವು ಮನಸ್ಸನ್ನು ಮನೆಯ ತಾಪತ್ರಯದಿಂದ ಬಿಡಿಸಿ ಕಥೆಯತ್ತ ಸೆಳೆಯುತ್ತವೆ.

ತಡವಾಗಿ ಬಂದ ಮುಂದಿನ ಭಾಗದಲ್ಲಿ ಈ ಔಷಧವೇ ರೋಗವಾಗುತ್ತದೆಂಬುದು ನನ್ನ ಅಭಿಪ್ರಾಯ. ಹಳೆಯ ಶೀರ್ಷಿಕೆ, ಹಳೆಯ ಮುಖ, ಹಳೆಯ ರಾಗ ಕಂಡೊಡನೆ ಮನಸ್ಸು ಕಥೆಯೊಳಕ್ಕೆ ಹೋಗುವುದಿಲ್ಲ; ತನ್ನದೇ ಕಳೆದ ದಿನಗಳಿಗೆ ಓಡುತ್ತದೆ. ಅಂದು ಪಕ್ಕದಲ್ಲಿ ಕುಳಿತಿದ್ದ ಗೆಳೆಯ, ಕಾಸು ಕೂಡಿಸಿ ಕೊಂಡ ಟಿಕೇಟು, ಈಗಿಲ್ಲದ ತಂದೆ ನೆನಪಾಗುತ್ತಾರೆ. ಕಥೆ ಈ ನೆನಪುಗಳೊಡನೆ ಸ್ಪರ್ಧಿಸಬೇಕಾಗುತ್ತದೆ, ಗೆಲ್ಲಲಾರದು. ಸೋತಾಗ ನಾವು ದೂಷಿಸುವುದು ಕಥೆಯನ್ನು, ನಮ್ಮ ವಯಸ್ಸನ್ನಲ್ಲ.

‘ಮಾಲ್ಗುಡಿ ಡೇಸ್’ನ ವಿಚಾರವನ್ನೇ ನೋಡಿರಿ. ಆರ್. ಕೆ. ನಾರಾಯಣರ ಕಥೆಗಳನ್ನು ಶಂಕರನಾಗ್ ಆಗುಂಬೆಯಲ್ಲಿ ಚಿತ್ರಿಸಿದರು. 1986ರಲ್ಲಿ ದೂರದರ್ಶನ ಅದನ್ನು ನಾಡಿಗೆಲ್ಲ ತೋರಿಸಿತು. ಆರ್. ಕೆ. ಲಕ್ಷ್ಮಣರ ರೇಖೆಗಳು, ಎಲ್. ವೈದ್ಯನಾಥನ್ನರ ಸಂಗೀತ, ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್, ಅವನ ತಂದೆಯಾಗಿ ನಮ್ಮ ಧಾರವಾಡದ ನೀರು ಕುಡಿದ ಗಿರೀಶ ಕಾರ್ನಾಡರು. ಮಾತು ಹಿಂದಿಯಾದರೂ ಮುಖಗಳೂ ಮಳೆಯೂ ನಮ್ಮವೇ. 1990ರಲ್ಲಿ ಶಂಕರನಾಗ್ ದಾವಣಗೆರೆಯ ಬಳಿ ಅಪಘಾತದಲ್ಲಿ ತೀರಿಕೊಂಡರು. 2001ರಲ್ಲಿ ನಾರಾಯಣರೂ ಹೋದರು. 2006ರಲ್ಲಿ ಕವಿತಾ ಲಂಕೇಶರ ನಿರ್ದೇಶನದಲ್ಲಿ ಮಾಲೆ ಮತ್ತೆ ಮುಂದುವರಿಯಿತು. ನನ್ನ ಪರಿಚಯದ ಹಲವರು ಒಂದೆರಡು ಕಂತು ನೋಡಿ ‘ಇದು ಆ ಮಾಲ್ಗುಡಿ ಅಲ್ಲ’ ಎಂದು ಎದ್ದುಹೋದರು. ಅಲ್ಲವೆಂಬುದು ನಿಜ. ಆದರೆ ಇಪ್ಪತ್ತು ವರ್ಷಗಳ ಮೇಲೆ ಯಾವ ಊರು ತಾನೆ ಅದೇ ಊರಾಗಿರುತ್ತದೆ? ಹುಬ್ಬಳ್ಳಿಯಾದರೂ ಇದೆಯೆ?

ಇದಕ್ಕೆ ತದ್ವಿರುದ್ಧವಾದ ಸ್ವಾಗತ ದೊರೆತದ್ದು ‘ಆಪ್ತರಕ್ಷಕ’ಕ್ಕೆ. 2004ರ ‘ಆಪ್ತಮಿತ್ರ’ ತೆರೆಕಾಣುವ ಮೊದಲೇ ನಟಿ ಸೌಂದರ್ಯ ವಿಮಾನ ದುರಂತದಲ್ಲಿ ಮಡಿದಿದ್ದರು. ಪಿ. ವಾಸು ಅವರೇ ನಿರ್ದೇಶಿಸಿದ ಮುಂದಿನ ಭಾಗ 2010ರ ಫೆಬ್ರವರಿಯಲ್ಲಿ ಬಂದಾಗ ವಿಷ್ಣುವರ್ಧನರು ತೀರಿಕೊಂಡು ಎರಡು ತಿಂಗಳೂ ತುಂಬಿರಲಿಲ್ಲ. ಹುಬ್ಬಳ್ಳಿಯ ಚಿತ್ರಮಂದಿರವೊಂದರಲ್ಲಿ ನಾನದನ್ನು ನೋಡಿದೆ. ಅವರು ತೆರೆಯ ಮೇಲೆ ಮೊದಲು ಕಾಣಿಸಿಕೊಂಡಾಗ ಎದ್ದ ಸಿಳ್ಳೆ ನಡುವೆಯೇ ತಡವರಿಸಿತು. ಮುಂದಿನ ಸಾಲಿನಲ್ಲಿ ಯಾರೋ ಅಳುತ್ತಿದ್ದರು. ಅಲ್ಲಿ ಯಾರೂ ಹೊಸದನ್ನು ಹಳೆಯದಕ್ಕೆ ಹೋಲಿಸುತ್ತಿರಲಿಲ್ಲ. ಹಾಗಾದರೆ ಅದು ರಸಾನುಭವವೋ, ಶೋಕವೋ? ಶಾಸ್ತ್ರದ ಪ್ರಕಾರ ಅದೂ ವಿಘ್ನವೇ. ಆದರೆ ಒಬ್ಬ ಕಲಾವಿದನನ್ನು ಕಳುಹಿಸಿಕೊಡುವುದಕ್ಕೆ ಜನರಿಗೆ ಒಂದು ಕತ್ತಲೆಯ ಸಭಾಂಗಣ ಬೇಕಾಗಿತ್ತು, ಕಥೆ ಅದನ್ನು ಒದಗಿಸಿತು. ಇಷ್ಟನ್ನು ಶಾಸ್ತ್ರಕಾರನೂ ಕ್ಷಮಿಸಿಯಾನು.

ಇನ್ನು ಹೇಳುವವನ ಕಡೆಯಿಂದ ವಿಚಾರಿಸೋಣ. ಮುಂದುವರಿಸುವವನು ಹೇಗೆ ಮುಂದುವರಿಸಬೇಕು? ಇದಕ್ಕೆ ಉತ್ತರ ನಮ್ಮ ನೆರೆಯಲ್ಲೇ ಇದೆ. ಹುಬ್ಬಳ್ಳಿಯ ಬಳಿಯ ಕೋಳಿವಾಡದ ಕುಮಾರವ್ಯಾಸ ಗದುಗಿನ ವೀರನಾರಾಯಣನ ಸನ್ನಿಧಿಯಲ್ಲಿ ಭಾರತವನ್ನು ಹತ್ತು ಪರ್ವಗಳಿಗೆ ನಿಲ್ಲಿಸಿದ. ಉಳಿದ ಪರ್ವಗಳನ್ನು ಕೃಷ್ಣದೇವರಾಯನ ಆಶ್ರಯದಲ್ಲಿ ತಿಮ್ಮಣ್ಣಕವಿ ಪೂರೈಸಿದ, ಅದೂ ಕುಮಾರವ್ಯಾಸನದೇ ಭಾಮಿನಿ ಷಟ್ಪದಿಯಲ್ಲಿ. ಅರಸನ ಬೆಂಬಲವಿತ್ತು, ಶ್ರದ್ಧೆಯಿತ್ತು, ಛಂದಸ್ಸೂ ಅದೇ. ಆದರೂ ಜನರ ನಾಲಗೆಯ ಮೇಲೆ ಉಳಿದವನು ಕುಮಾರವ್ಯಾಸ. ತಿಮ್ಮಣ್ಣ ಗ್ರಂಥಭಂಡಾರದಲ್ಲಿ ಉಳಿದ. ಲಕ್ಷ್ಮೀಶನಾದರೋ ಯುದ್ಧಾನಂತರದ ಕಥೆಯಲ್ಲಿ ಅಶ್ವಮೇಧವೊಂದನ್ನೇ ಆರಿಸಿಕೊಂಡ. ಜೈಮಿನಿಯ ಸಂಸ್ಕೃತ ಕೃತಿಯನ್ನು ಆಧರಿಸಿ, ಭಾಮಿನಿಯನ್ನು ಬಿಟ್ಟು ವಾರ್ಧಕ ಷಟ್ಪದಿಯನ್ನು ಹಿಡಿದ. ಕುಮಾರವ್ಯಾಸನನ್ನು ಪೂರ್ಣಗೊಳಿಸುವ ಹೊಣೆಯನ್ನು ಅವನು ಹೊರಲೇ ಇಲ್ಲ. ಚಂದ್ರಹಾಸ, ಸುಧನ್ವರ ಕಥೆಗಳು ಮನೆಮನೆಯ ಓದಾದವು.

ಈ ಎರಡು ದೃಷ್ಟಾಂತಗಳಿಂದ ಹೊರಡುವ ಪಾಠ ಸ್ಪಷ್ಟವಾಗಿದೆ. ಹಿಂದಿನವನ ಧಾಟಿಯಲ್ಲೇ ಹಾಡಿದವನನ್ನು ಜನ ಹಿಂದಿನವನೊಡನೆ ತೂಗುತ್ತಾರೆ. ತನ್ನ ಧಾಟಿ ಕಂಡುಕೊಂಡವನನ್ನು ಅವನಷ್ಟಕ್ಕೇ ಕೇಳುತ್ತಾರೆ. ‘ಡೈಮಂಡ್ ರಾಕೆಟ್’ನಲ್ಲಿ ಇಂದಿಗೂ ಜೀವಂತವಾಗಿರುವುದು ಹಳೆಯ ಮೂರರಲ್ಲಿ ಇರದಿದ್ದ ಆ ನಟನ ಸ್ವಂತ ಕಂಠವೇ ಅಲ್ಲವೆ?

ಇದರಲ್ಲಿ ನಮಗೆ, ಅಂದರೆ ಪ್ರೇಕ್ಷಕರಿಗೆ, ಒಂದು ಹೊಣೆಯೂ ಇದೆ. ‘ಅದೇ ಬೇಕು’ ಎಂದು ಹಟ ಹಿಡಿದರೆ ವ್ಯಾಪಾರಿಗಳು ನಮ್ಮ ಬಾಲ್ಯವನ್ನೇ ಹೊಸ ಕಾಗದದಲ್ಲಿ ಕಟ್ಟಿ ನಮಗೆ ಮಾರುತ್ತಾರೆ. ನಾವು ಕೊಂಡು, ಮನೆಗೆ ಬಂದು ಬೈಯುತ್ತೇವೆ. ‘ಏನೂ ಬೇಡ, ಮುಗಿದದ್ದು ಮುಗಿಯಿತು’ ಎಂದು ಬಾಗಿಲು ಹಾಕಿದರೆ, ನಮ್ಮ ಬಳಿಕ ಬಂದವರಿಗೆ ಆ ಕಥೆಯೊಳಕ್ಕೆ ಪ್ರವೇಶವೇ ಇಲ್ಲವಾಗುತ್ತದೆ. ಮೊದಲ ಭಾಗ ನಮ್ಮದಾಗಿದ್ದಂತೆ ಕೊನೆಯ ಭಾಗ ಬೇರೆ ಯಾರದೋ ಮೊದಲ ಭಾಗವಾಗಿರಬಹುದು. ಪಕ್ಕದ ಆಸನದಲ್ಲಿ ಕುಳಿತ ಮೊಮ್ಮಗು ಕಣ್ಣರಳಿಸಿ ನೋಡುತ್ತಿರುವಾಗ ‘ಹಳೆಯದು ಇದಕ್ಕಿಂತ ಚೆನ್ನಾಗಿತ್ತು’ ಎಂದು ಅದರ ಕಿವಿಯಲ್ಲಿ ಹೇಳದಿರುವುದೂ ಸಹೃದಯತೆಯ ಒಂದು ಲಕ್ಷಣ. ಆ ಮಾತಿಗೆ ಮನೆಗೆ ಹೋದ ಮೇಲೆ ಸಮಯವಿದೆ. ಅದೂ ಮಗು ಕೇಳಿದರೆ.

(ಧಾರವಾಡ ಆಕಾಶವಾಣಿಯ ಕೃಪೆಯಿಂದ)