ಅನ್ನಭೇದಿ ಹೆಚ್ಚಾದರೆ ಬೆಳೆಗೆ ಕೇಡು

ಅಕ್ಕ-ತಂಗಿಯರೆ, ಶೇಂಗಾದ ಎಲೆ ಹಳದಿಯಾದ ಕೂಡಲೇ ‘ಕಬ್ಬಿಣದ ಅಂಶ ಕಡಿಮೆ ಐತಿ’ ಅಂತ ಹೊಲಕ್ಕೆ ಅನ್ನಭೇದಿ ಸುರಿಯುವವರಿದ್ದಾರೆ. ಸ್ವಲ್ಪ ತಡೀರಿ. ಪಟ್ಟದಕಲ್ಲಿನ ಮಲಪ್ರಭಾ ದಂಡೆಯ ಎರೆ ಹೊಲದಾಗ ಕಬ್ಬಿಣಕ್ಕೇನೂ ಬರವಿಲ್ಲ. ಸುಣ್ಣದ ಅಂಶ ಹೆಚ್ಚಿದ್ದಲ್ಲಿ ಅದು ಬೇರಿಗೆ ಸಿಗೋದಿಲ್ಲ, ಅಷ್ಟೆ. ಸುರಿದ ಅನ್ನಭೇದಿಯೂ ಹಂಗೇ ತುಕ್ಕಾಗಿ ಕೂಡತೈತಿ, ರೊಕ್ಕ ದಂಡ.

ಮಣ್ಣಿನಿಂದಲೇ ಕಬ್ಬಿಣ ಅತಿಯಾಗೋದು ಕರಾವಳಿಯ ಹುಳಿ ಮಣ್ಣಿನ, ನೀರು ನಿಂತ ಭತ್ತದ ಗದ್ದೆಗಳಲ್ಲಿ. ಬೇರಿಗೆ ತುಕ್ಕಿನ ಲೇಪ ಹತ್ತಿ, ಎಲೆ ಕಂಚಿನ ಬಣ್ಣಕ್ಕೆ ತಿರುಗುತ್ತದೆ. ರಂಜಕ, ಸತು ಗಿಡಕ್ಕೆ ಸರಿಯಾಗಿ ಏರೋದಿಲ್ಲ, ಮರಿ ಒಡೆಯೋದೂ ಕಡಿಮೆ. ಅಲ್ಲಿ ನೀರು ಬಸಿದು, ಸುಣ್ಣ, ಪೊಟ್ಯಾಷ್ ಕೊಡುತ್ತಾರೆ. ಅದನ್ನ ಕೇಳಿ ಎರೆಗೆ ಸುಣ್ಣ ಹಾಕಬ್ಯಾಡ್ರಿ!

ನಮ್ಮಲ್ಲಿ ಕಬ್ಬಿಣ ಅತಿಯಾದರೆ ಅದು ನಮ್ಮ ಕೈಯಿಂದಲೇ. ಎಳೆ ಎಲೆ ಹಳದಿಯಾಗಿ ನರ ಮಾತ್ರ ಹಸಿರಿದ್ದರೆ ಕಬ್ಬಿಣದ ಕೊರತೆ. ಹಳೆ ಎಲೆ ಮೊದಲು ಹಳದಿಯಾದರೆ ಹೆಚ್ಚಾಗಿ ಸಾರಜನಕದ್ದು. ಕಬ್ಬಿಣದ ಕೊರತೆಗೆ 10 ಲೀಟರ್ ನೀರಿಗೆ 50 ಗ್ರಾಂ ಅನ್ನಭೇದಿ, 10 ಗ್ರಾಂ ನಿಂಬೆ ಉಪ್ಪು ಕರಗಿಸಿ ಸಂಜೆ ಮುಂದ ಎಲೆಗೆ ಸಿಂಪಡಿಸಿರಿ. ತೂಕ ಮಾಡದೆ ಹಿಡಿಗಟ್ಟಲೆ ಹಾಕಿದ್ರ ಎಲೆ ಸುಟ್ಟು ಕಂದು ಚುಕ್ಕೆ ಬೀಳತಾವ. ಅನ್ನಭೇದಿ ಕೊಳ್ಳುವ ಮುಂಚೆ ರೈತ ಸಂಪರ್ಕ ಕೇಂದ್ರದಾಗ ಮಣ್ಣು ಪರೀಕ್ಷೆ ವಿಚಾರಿಸ್ರಿ.