ಮೊದಲ ಬಿಲ್ಲು ಯಾರ ಅಳತೆಗೆ? ಹೊಸ ಬೇಟೆಗಾತಿ ಮತ್ತು ಕಾಂಪೌಂಡ್ ಬಿಲ್ಲು

(ಆನ್‌ಲೈನ್ ವಿಚಾರಗೋಷ್ಠಿಯಲ್ಲಿ ಮಂಡಿಸಿದ ಮಾತಿನ ಬರಹರೂಪ. ಮಾತಿನ ಧಾಟಿಯನ್ನು ಹಾಗೆಯೇ ಉಳಿಸಿಕೊಳ್ಳಲಾಗಿದೆ.)

ಧ್ವನಿ ಕೇಳಿಸ್ತಾ ಇದೆ ಅಂದ್ಕೊಂಡು ಶುರು ಮಾಡ್ತೀನಿ. ಹೊಸೂರಲ್ಲಿ ಮಳೆ, ಕರೆಂಟ್ ಹೋದರೆ ಐದು ನಿಮಿಷ ಕಾಯಬೇಕಾಗುತ್ತೆ.

ಕಾವ್ಯಗಳಲ್ಲಿ ಬರುವ ಬಿಲ್ಲಿನ ಬಗ್ಗೆ ಮಾತಾಡು ಅಂತ ನನಗೆ ಹೇಳಿದ್ದರು. ಆದರೆ ಟಿಪ್ಪಣಿ ಮಾಡ್ಕೊಳ್ಳೋ ಹೊತ್ತಿಗೆ ದೊಡ್ಡಪ್ಪನ ಮಗಳು ಅಮೆರಿಕದಿಂದ ಫೋನ್ ಮಾಡಿದಳು. ಅಲ್ಲಿ ಜಿಂಕೆ ಬೇಟೆಗೆ ಪರವಾನಗಿ ಸಿಗುತ್ತೆ, ಬಿಲ್ಲಿಗೇ ಬೇರೆ ಋತು ಇದೆ, ಆಫೀಸಿನ ಗೆಳತಿಯರ ಜೊತೆ ಹೋಗಬೇಕು ಅಂತ ಅವಳಿಗೆ ಆಸೆ. "ನೀನು ಬಿಲ್ಲು ಕಲಿತೀಯಲ್ಲೇ, ನಾನು ಮೊದಲು ಯಾವುದು ತಗೊಳ್ಳಲಿ?" ಅಂತ ಕೇಳಿದಳು. ನಾನು ಕೊಟ್ಟ ಉತ್ತರ ಉದ್ದವಾಯಿತು. ಅದನ್ನೇ ಇಲ್ಲಿ ಹೇಳ್ತೀನಿ, ಕಾವ್ಯ ನಡುನಡುವೆ ತಾನಾಗಿ ಬರುತ್ತೆ.

ನಮ್ಮ ಕಥೆಗಳಲ್ಲಿ ಬಿಲ್ಲು ಅಂದರೆ ಪರೀಕ್ಷೆ. ಜನಕನ ಆಸ್ಥಾನದಲ್ಲಿ ಶಿವಧನುಸ್ಸು, ದ್ರುಪದನ ಮಂಟಪದಲ್ಲಿ ಮತ್ಸ್ಯಯಂತ್ರ. ಹೆದೆ ಏರಿಸಲಾಗದ ರಾಜರು ನಾಚಿ ಹಿಂದೆ ಸರಿಯುತ್ತಾರೆ. ಅಲ್ಲಿ ಬಿಲ್ಲು ಬದಲಾಗಲ್ಲ, ಅದಕ್ಕೆ ತಕ್ಕ ಮನುಷ್ಯ ಬರಬೇಕು. ಈ ಯೋಚನೆ ಇವತ್ತಿನ ಮೈದಾನದಲ್ಲೂ ಇದೆ. ನಾನು ಕಲಿಯಲು ಹೋದ ಮೊದಲ ಶಿಬಿರದಲ್ಲಿ (ಎಲ್ಲಿ, ಯಾರದು ಅನ್ನೋದು ಬೇಡ) ಹುಡುಗನೊಬ್ಬನ 45 ಪೌಂಡಿನ ಬಿಲ್ಲನ್ನು ಕೈಗೆ ಕೊಟ್ಟು "ಎಳೀಮ್ಮ, ಅಭ್ಯಾಸ ಆಗುತ್ತೆ" ಅಂದರು. ಮೂರನೇ ದಿನಕ್ಕೆ ಎಡಭುಜ ಎತ್ತೋಕಾಗಲಿಲ್ಲ. ಆರು ವಾರ ತಲೆ ಬಾಚಿಕೊಳ್ಳೋಕೂ ಅಮ್ಮನೇ ಬೇಕಾಯ್ತು. ತಪ್ಪು ನನ್ನ ಭುಜದ್ದು ಅಂತಲೇ ಬಹಳ ದಿನ ನಂಬಿದ್ದೆ.

ಕಾಂಪೌಂಡ್ ಬಿಲ್ಲು ಈ ಲೆಕ್ಕವನ್ನೇ ತಿರುಗಿಸುತ್ತೆ. ಅಮೆರಿಕದ ಮಿಸೌರಿಯ ಹೋಲೆಸ್ ವಿಲ್ಬರ್ ಅಲೆನ್ ಇದಕ್ಕೆ ಪೇಟೆಂಟ್ ಪಡೆದದ್ದು 1969ರಲ್ಲಿ. ಎರಡೂ ತುದಿಗೆ ಗಾಲಿ, ಅಂದರೆ ಕ್ಯಾಮ್. ಹೆದೆಯ ಜೊತೆಗೆ ಕೇಬಲ್ಲು. ಮಾಮೂಲಿ ಬಿಲ್ಲನ್ನು ಎಳೆದಷ್ಟೂ ಭಾರ ಏರುತ್ತೆ, ಪೂರ್ತಿ ಎಳೆದು ಗುರಿ ನೋಡುವಾಗಲೇ ಅತಿ ಹೆಚ್ಚು. ಇದರಲ್ಲಿ ಹಾಗಲ್ಲ. ನಡುವೆ ಒಂದು ಗುಡ್ಡ ಹತ್ತಿ ಇಳಿದ ಹಾಗೆ. 40 ಪೌಂಡಿನ ಬಿಲ್ಲಿಗೆ 80 ಶೇಕಡಾ ಲೆಟ್-ಆಫ್ ಇದ್ದರೆ, ಕೊನೆಯಲ್ಲಿ ಕೈ ಹಿಡಿದಿರಬೇಕಾದ ಭಾರ 8 ಪೌಂಡ್ ಮಾತ್ರ. ಆದರೆ ಗುಡ್ಡವನ್ನಂತೂ ದಾಟಲೇಬೇಕು. ಅಂಗಡಿಯವರು ‘ಹಿಡಿಯೋಕೆ ಹಗುರ’ ಅನ್ನುವಾಗ ಈ ಭಾಗ ಹೇಳಲ್ಲ.

ಅಕ್ಕನಿಗೆ ಮೊದಲು ಹೇಳಿದ್ದು ಡ್ರಾ ಲೆಂತ್, ಅಂದರೆ ಎಳೆತದ ಉದ್ದ. ಕವಿಗಳು ‘ಕಿವಿಮುಟ್ಟ ಸೆಳೆದು’ ಅನ್ನುತ್ತಾರಲ್ಲ, ಯಾರ ಕಿವಿ ಅನ್ನೋದೇ ಇಲ್ಲಿ ಪ್ರಶ್ನೆ. ಗೋಡೆಗೆ ಬೆನ್ನು ಕೊಟ್ಟು ಎರಡೂ ತೋಳು ಚಾಚಿ, ಬೆರಳ ತುದಿಯಿಂದ ಬೆರಳ ತುದಿಗೆ ಅಳೆದು, ಎರಡೂವರೆಯಿಂದ ಭಾಗಿಸಬೇಕು. ಅಕ್ಕನ ಅಳತೆ 61 ಅಂಗುಲ. ಭಾಗಿಸಿದರೆ ಹತ್ತಿರಹತ್ತಿರ ಇಪ್ಪತ್ತನಾಲ್ಕೂವರೆ. ಇದು ಅಂದಾಜು, ಅಂಗಡಿಯಲ್ಲಿ ಬಿಲ್ಲು ಹಿಡಿದು ಅರ್ಧ ಅಂಗುಲ ಆಚೀಚೆ ಸರಿಮಾಡಿಸಬೇಕು. ಭಾವನ 28 ಅಂಗುಲದ ಬಿಲ್ಲು ಮನೆಯಲ್ಲೇ ಇದೆಯಂತೆ. "ಅದನ್ನೇ ಬಳಸ್ಲಾ?" ಅಂದಳು. ಬೇಡ ಅಂದೆ. ಕಾಂಪೌಂಡ್ ಬಿಲ್ಲಿನ ಎಳೆತಕ್ಕೆ ಕೊನೆಯಲ್ಲಿ ಗೋಡೆ ಇರುತ್ತೆ. ಗೋಡೆ ತನ್ನ ಕೈಗಿಂತ ದೂರ ಇದ್ದರೆ ಮೈ ಹಿಂದಕ್ಕೆ ಬಾಗುತ್ತೆ, ಭುಜ ಮೇಲೇರುತ್ತೆ, ಹೆದೆ ಮುಂಗೈಗೆ ಬಾರಿಸುತ್ತೆ. ‘ಹೆಂಗಸರ ಬಿಲ್ಲು’ ಅಂತ ಬಣ್ಣ ಬಳಿದು ಮಾರುವುದರಲ್ಲೂ ನೋಡಬೇಕಾದ್ದು ಈ ಅಂಕಿಯನ್ನೇ, ಬಣ್ಣವನ್ನಲ್ಲ.

ಆಮೇಲೆ ಡ್ರಾ ವೇಟ್, ಸೆಳೆತದ ಭಾರ. ಒಂದು ಪರೀಕ್ಷೆ ಇದೆ, ಸ್ವಯಂವರದ್ದಲ್ಲ. ಕುರ್ಚಿಯಲ್ಲಿ ಕೂತು, ಬಿಲ್ಲನ್ನು ಗುರಿಯ ನೇರಕ್ಕೆ ಹಿಡಿದು, ನಿಧಾನವಾಗಿ ಎಳೆಯಬೇಕು. ಬಿಲ್ಲನ್ನು ಆಕಾಶಕ್ಕೆ ಎತ್ತಿ ಜಗ್ಗಬೇಕಾಗಿ ಬಂದರೆ ಆ ಭಾರ ಹೆಚ್ಚಾಯಿತು ಅಂತಲೇ ಅರ್ಥ. ಬೇಟೆಯಲ್ಲಿ ಚಳಿಗೆ ಎರಡು ಗಂಟೆ ಅಲ್ಲಾಡದೆ ಕೂತು, ಮರಗಟ್ಟಿದ ತೋಳಿಂದ ಎಳೆಯಬೇಕಾಗುತ್ತೆ. ಕೈ ಮೇಲೆದ್ದರೆ ಜಿಂಕೆ ಕಂಡುಬಿಡುತ್ತೆ. ಅಂಗಡಿಯ ಬೆಚ್ಚನೆ ಕೋಣೆಯಲ್ಲಿ ಒಂದು ಸಲ ಎಳೆದದ್ದು ಲೆಕ್ಕಕ್ಕಿಲ್ಲ.

ಹಾಗಂತ ತೀರಾ ಹಗುರವೂ ಆಗದು. ಅಲ್ಲಿನ ಹಲವು ರಾಜ್ಯಗಳು ಜಿಂಕೆ ಬೇಟೆಗೆ 35 ಅಥವಾ 40 ಪೌಂಡ್ ಕನಿಷ್ಠ ಅಂತ ಇಟ್ಟಿವೆ. ಬಲವಿಲ್ಲದ ಬಾಣ ಪ್ರಾಣಿಯನ್ನು ಕೊಲ್ಲಲ್ಲ, ಗಾಯ ಮಾಡಿ ಓಡಿಸುತ್ತೆ. ಅದು ಎಲ್ಲೋ ಪೊದೆಯಲ್ಲಿ ನರಳಿ ಸಾಯುತ್ತೆ. ಹಾಗಾಗಿ ಮೊದಲ ಬಿಲ್ಲಿಗೆ ಬೇಕಾದ ದೊಡ್ಡ ಗುಣ ಅಂದರೆ ಬೆಳೆಯುವ ಅವಕಾಶ. ಇವತ್ತು 25 ಪೌಂಡಿಗೆ ಇಳಿಸಿ ಕಲಿತು, ತಿಂಗಳುಗಳ ಮೇಲೆ ಅದೇ ಬಿಲ್ಲನ್ನು 40ಕ್ಕೆ ಏರಿಸುವಂತಿರಬೇಕು. ಭಾರವನ್ನು ಬೋಲ್ಟ್ ತಿರುಗಿಸಿ, ಉದ್ದವನ್ನು ಕ್ಯಾಮ್ ಮೇಲಿನ ತುಂಡನ್ನು ಸರಿಸಿ ಬದಲಿಸುವ ಮಾದರಿಗಳಿವೆ. ಬಿಲ್ಲನ್ನು ಪ್ರೆಸ್‌ಗೆ ಹಾಕದೆ ಇಷ್ಟು ಮಾಡಲು ಬರುತ್ತದಾ ಅಂತ ಕೇಳಿಯೇ ತಗೋಬೇಕು. ನಮ್ಮ ಕಡೆ ಇರುವವರಿಗಂತೂ ಇದು ಇನ್ನೂ ಮುಖ್ಯ. ರಿಪೇರಿಗೆ ನಾನು ಬೆಂಗಳೂರಿಗೇ ಹೋಗಬೇಕು.

ಜಾಹೀರಾತಿನ ವೇಗ ನಂಬಬೇಡ ಅಂತಲೂ ಹೇಳಿದೆ. ಆ ಅಂಕಿ ಬರೋದು ಸಾಮಾನ್ಯವಾಗಿ 70 ಪೌಂಡ್ ಭಾರ, 30 ಅಂಗುಲ ಎಳೆತ, 350 ಗ್ರೇನ್ ಬಾಣ ಇಟ್ಟು ಅಳೆದಾಗ. ಅಂದರೆ ಅದು ಆರಡಿ ಮೀರಿದ ಗಂಡಸಿನ ಅಂಕಿ. ಎಳೆತ ಕಡಿಮೆಯಾದರೆ ಬಾಣಕ್ಕೆ ಸಿಗುವ ತಳ್ಳುದೂರವೂ ಕಡಿಮೆ. ಅಕ್ಕನ ಕೈಯಲ್ಲಿ ಅದೇ ಬಿಲ್ಲು ಆ ವೇಗದ ಹತ್ತಿರವೂ ಬರಲ್ಲ. ಬಂದಿಲ್ಲ ಅಂತ ಅವಳು ಭಾರ ಏರಿಸಿಕೊಂಡು ಭುಜ ಹಾಳುಮಾಡಿಕೊಳ್ಳಬಾರದು. ಅವಳ ದಾರಿ ಬೇರೆ: ಸ್ವಲ್ಪ ಭಾರದ ಬಾಣ, ಮಡಚಿ ತೆರೆಯುವ ಅಲಗಿನ ಬದಲು ಗಟ್ಟಿಯಾಗಿ ಕೂತ ಹರಿತ ಅಲಗು, ಇಪ್ಪತ್ತು ಗಜದೊಳಗಿನ ದೂರ. ಬಾಣ ಬಹಳ ಹಗುರವಾದರೂ ಅಪಾಯ. ಸೆಳೆತದ ಪ್ರತಿ ಪೌಂಡಿಗೆ ಕನಿಷ್ಠ 5 ಗ್ರೇನ್ ಇರಬೇಕು, 40 ಪೌಂಡಿಗೆ 200 ಗ್ರೇನ್, ಅಂದರೆ ಸುಮಾರು 13 ಗ್ರಾಂ. ಬೇಟೆಗೆ ಇದಕ್ಕಿಂತ ಸಾಕಷ್ಟು ಹೆಚ್ಚೇ ಬೇಕು. ಬಾಣ ಇಡದೆ ಹೆದೆ ಬಿಡಲೇಬಾರದು, ಬಿಲ್ಲೇ ಸೀಳಿಹೋಗುತ್ತೆ.

ಎಡಗೈಯೋ ಬಲಗೈಯೋ ಅನ್ನೋದನ್ನು ಕಣ್ಣು ನೋಡಿ ನಿರ್ಧರಿಸೋದು ಒಳ್ಳೆಯದು. ನನಗೆ ಎಡಗಣ್ಣು ಜೋರು, ಅದು ಗೊತ್ತಾಗಿದ್ದು ಬಲಗೈ ಬಿಲ್ಲು ಕೊಂಡ ಮೇಲೆ!

(ಇಲ್ಲಿ ಚಾಟ್‌ನಲ್ಲಿ ಸರ್ ಒಬ್ಬರು ಕೇಳಿದರು: "ಬೇಟೆಯೇ ನಿಷಿದ್ಧವಾದ ದೇಶದಲ್ಲಿ ಈ ವಿಷಯ ಯಾಕಮ್ಮ?")

ಸರಿಯಾದ ಪ್ರಶ್ನೆ ಸರ್. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 9ನೇ ಕಲಂ ಪ್ರಕಾರ ಇಲ್ಲಿ ಬೇಟೆ ಅಪರಾಧ. ನಮ್ಮ ದೇಂಕಣಿಕೋಟೆ, ಅಂಚೆಟ್ಟಿ ಕಡೆಯ ಕಾಡಿಗೆ ಬಿಲ್ಲು ಹಿಡಿದು ಹೋಗುವ ಮಾತೇ ಇಲ್ಲ. ನಾವು ಗುರಿಹಲಗೆಗೇ ಹೊಡೆಯಬೇಕು: 50 ಮೀಟರ್ ದೂರ, 80 ಸೆಂಟಿಮೀಟರ್ ಹಲಗೆ, ಭಾರ 60 ಪೌಂಡ್ ಮೀರಬಾರದು. ಅದಕ್ಕೆ ಉದ್ದನೆಯ ಬಿಲ್ಲು ಒಳ್ಳೆಯದು, ಅಲ್ಲಾಡದೆ ನಿಲ್ಲುತ್ತೆ. ಪೊದೆ, ಮರದಟ್ಟಣೆಗೆ ಗಿಡ್ಡದು. 2023ರಲ್ಲಿ ಬರ್ಲಿನ್‌ನಲ್ಲಿ ಜ್ಯೋತಿ ಸುರೇಖಾ, ಅದಿತಿ ಸ್ವಾಮಿ, ಪರಣೀತ್ ಕೌರ್ ತಂಡ ವಿಶ್ವ ಚಾಂಪಿಯನ್ ಆಗಿದ್ದು ಕಾಂಪೌಂಡ್ ಬಿಲ್ಲಲ್ಲೇ. ಅದಿತಿಗೆ ಆಗ 17 ವರ್ಷ.

ಇನ್ನು ಸಾಹಿತ್ಯ. ಬೇಟೆಗಾತಿ ನಮಗೆ ಹೊಸಬಳಲ್ಲ, 1117ರ ಬೇಲೂರಿನ ದೇವಾಲಯದ ಮದನಿಕೆಯರಲ್ಲಿ ಬಿಲ್ಲು ಹಿಡಿದವಳಿದ್ದಾಳೆ. ಆದರೆ ಕೃಷ್ಣಗಿರಿ ಮ್ಯೂಸಿಯಂನ ವೀರಗಲ್ಲುಗಳ ಮುಂದೆ ನಿಂತಾಗ ನನಗೆ ಕಂಡದ್ದು ಆಯುಧ ಹಿಡಿದ ಗಂಡಸರೇ. ಅಕ್ಕನಿಗೆ ನಾನು ಕಳಿಸಿದ್ದು ಶಿಲ್ಪದ ಫೋಟೋ ಅಲ್ಲ, ಮೂರು ಕಥೆ. ಪಾಂಡು ಜಿಂಕೆ ಅಂತ ಹೊಡೆದದ್ದು ಮುನಿಯನ್ನು. ದಶರಥ ಆನೆ ನೀರು ಕುಡೀತಿದೆ ಅಂತ ಶಬ್ದಕ್ಕೆ ಬಾಣ ಬಿಟ್ಟ, ಬಿದ್ದವನು ಕೊಡ ತುಂಬುತ್ತಿದ್ದ ಹುಡುಗ. ಜರನೆಂಬ ಬೇಡ ಕೃಷ್ಣನ ಪಾದವನ್ನು ಜಿಂಕೆ ಅಂದುಕೊಂಡ. ಮೂವರೂ ಗುರಿ ತಪ್ಪಿದವರಲ್ಲ. ಗುರಿ ಯಾವುದು ಅಂತ ನೋಡದೆ ಹೆದೆ ಬಿಟ್ಟವರು. ಅಲ್ಲಿನ ಬೇಟೆ ತರಗತಿಯಲ್ಲೂ ಇದೇ ಮೊದಲ ಪಾಠವಂತೆ. "ನಮ್ಮಜ್ಜಿ ಹೇಳಿದ್ದೇ ಇಲ್ಲಿ ಪರೀಕ್ಷೆಗೆ ಬಂತು" ಅಂತ ಅಕ್ಕ ನಕ್ಕಳು.

(ಕೊನೆಗೆ ಗೆಳತಿಯೊಬ್ಬಳ ಪ್ರಶ್ನೆ: "ಅಕ್ಕ ಯಾವ ಬಿಲ್ಲು ತಗೊಂಡ್ರು?")

ಯಾರೋ ಬಳಸಿ ಬಿಟ್ಟದ್ದು, ಇಪ್ಪತ್ತನಾಲ್ಕೂವರೆಗೆ ಕೂರುವಂಥದ್ದು. ಹೊಸ ಹೆದೆ ಹಾಕಿಸಿದಳು. 26 ಪೌಂಡಿನಲ್ಲಿ ಶುರುಮಾಡಿ ಈಗ 32ಕ್ಕೆ ಬಂದಿದ್ದಾಳೆ. ಈ ವರ್ಷದ ಋತುವಿಗೆ 40 ಆಗಲ್ಲ ಅಂತ ಗೊತ್ತಾಗಿ ಗೆಳತಿಯರ ಜೊತೆ ಬರೀ ಕೂತು ನೋಡೋಕೆ ಹೋಗ್ತಾಳಂತೆ. ನಾನು ಇನ್ನೂ 28ರಲ್ಲೇ ಇದ್ದೀನಿ, ಎಡಗೈ ಬಿಲ್ಲಿಗೆ ದುಡ್ಡು ಕೂಡಿಸ್ತಾ.